ಡೆಡ್‌ವ್ಲೇ ಮರುಭೂಮಿ ಪ್ರಿಂಟ್: ಅಡ್ಡದ ಸೈಜ್ ತೆಗೆದುಕೊಳ್ಳಿ, ಚೌಕದ್ದು ಬೇಡ

ಹಾಲ್‌ನ ಗೋಡೆಗೆ ಆನ್‌ಲೈನ್‌ನಲ್ಲಿ ತರಿಸಿದ ಫೋಟೋ ಪ್ರಿಂಟ್ ಇದು. 36×24 ಇಂಚು, ಮ್ಯಾಟ್ ಪೇಪರ್. ಚಿತ್ರ ನಮೀಬಿಯಾದ ಡೆಡ್‌ವ್ಲೇಯದು, ಸೋಸಸ್‌ವ್ಲೇ ಹತ್ತಿರದ ಒಣ ಜೇಡಿಮಣ್ಣಿನ ಬಯಲು. ಮನೆಗೆ ಬಂದವರು ಮೊದಲು ಕೇಳುವುದೇ 'ಪೇಂಟಿಂಗಾ?' ಅಂತ. ಅಲ್ಲ, ಫೋಟೋನೇ.

ಹಾಗೆ ಕಾಣುವುದಕ್ಕೆ ಕಾರಣ ಬೆಳಕು. ಕೆಳಗೆ ಬಯಲು, ನಡುವೆ ಕಿತ್ತಳೆ ಬಣ್ಣದ ದೊಡ್ಡ ಮರಳುದಿಬ್ಬ, ಮೇಲೆ ಎರಡು ಬೆರಳಗಲ ಆಕಾಶ, ಮುಂದೆ ಕಪ್ಪಗೆ ಒಂದಷ್ಟು ಒಣಮರ, ಇಷ್ಟೇ. ಬೆಳಗಿನ ಬಿಸಿಲು ದಿಬ್ಬದ ಮೇಲೆ ಬಿದ್ದಿದೆ, ಬಯಲಿಗೆ ಇನ್ನೂ ಇಳಿದಿಲ್ಲ. ನೆರಳಲ್ಲಿರುವ ಬಿಳಿ ನೆಲಕ್ಕೆ ಆಕಾಶದ ಬೆಳಕು ಮಾತ್ರ ಸಿಗುವುದರಿಂದ ಅದು ನೀಲಿಗೆ ತಿರುಗಿದೆ, ಮರಗಳಿಗೂ ನೆರಳಿಲ್ಲ. ಜೊತೆಗೆ ದೂರದಿಂದ ಜೂಮ್ ಮಾಡಿ ತೆಗೆದ ಹಾಗಿದೆ, ಹಿಂದಿನ ದಿಬ್ಬ ಮುಂದೆ ಬಂದು ಮರಗಳ ಬೆನ್ನಿಗೆ ನಾಟಕದ ಪರದೆ ಇಳಿಬಿಟ್ಟಂತೆ ನಿಂತಿದೆ. ಮನುಷ್ಯ ಇಲ್ಲ, ಜೀಪ್ ಇಲ್ಲ, ಹೆಜ್ಜೆ ಗುರುತೂ ಇಲ್ಲ. ಯಾವುದು ಎಷ್ಟು ದೊಡ್ಡದು ಅಂತ ಗೊತ್ತೇ ಆಗುವುದಿಲ್ಲ. ಅಲ್ಲಿನ ಬಿಗ್ ಡ್ಯಾಡಿ ಅನ್ನುವ ದಿಬ್ಬ ಸುಮಾರು 325 ಮೀಟರ್ ಎತ್ತರ ಇದೆ ಅಂದರೆ ನಂಬುವುದು ಕಷ್ಟ, ಅಲ್ವಾ?

ಮಾರುವವರು ಇದರ ಕೆಳಗೆ 'ಶೋಕ, ಏಕಾಂತ' ಅಂತೆಲ್ಲ ಬರೆದಿದ್ದಾರೆ. ನನಗೆ ಹಾಗೆ ಅನ್ನಿಸಲಿಲ್ಲ. ಇವು ಜಾಲಿ ಜಾತಿಯ ಮರಗಳು, ತ್ಸೌಚಾಬ್ ನದಿಯ ನೀರು ಇಲ್ಲಿಗೆ ಬರುತ್ತಿದ್ದಾಗ ಬೆಳೆದವು. ಆಮೇಲೆ ಮಳೆ ಕಡಿಮೆಯಾಯಿತು, ಮರಳು ನದಿಗೆ ಅಡ್ಡ ನಿಂತಿತು. ಮರ ಸತ್ತು 600-700 ವರ್ಷ ಆಗಿರಬಹುದು ಅನ್ನುತ್ತಾರೆ. ಕೊಳೆಯುವುದಕ್ಕೂ ತೇವ ಇಲ್ಲದೆ ಸುಮ್ನೆ ಬಿಸಿಲಿಗೆ ಕಪ್ಪಾಗುತ್ತಾ ನಿಂತಿವೆ. ನನಗೆ ಕಾಣುವುದು ಹಟ, ಸ್ವಲ್ಪ ತಮಾಷೆ ಕೂಡ. ಒಂದು ಮರವಂತೂ ಜಗಳಕ್ಕೆ ಬಂದವರ ಹಾಗೆ ಕೈ ಎತ್ತಿದೆ.

ಪ್ರಿಂಟ್ ವಿಷಯಕ್ಕೆ ಬಂದರೆ, ಕಿತ್ತಳೆ ಜಾಸ್ತಿಯಾಗಿದೆ. ಮರಳಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಅಲ್ಲಿ ನಿಜಕ್ಕೂ ಕೆಂಪು ಬಣ್ಣವೇ, ಒಪ್ಪುತ್ತೇನೆ. ಆದರೆ ಬಲಗಡೆ ಬಣ್ಣ ಎಷ್ಟು ಏರಿದೆ ಅಂದರೆ ಮರಳಿನ ಅಲೆಗಳೇ ಮಾಯ. ಕಪ್ಪು ಮಾತ್ರ ಚೆನ್ನಾಗಿ ಬಂದಿದೆ, ಸಣ್ಣ ರೆಂಬೆಗಳೂ ಬೇರೆ ಬೇರೆಯಾಗಿ ಕಾಣುತ್ತವೆ. ಗ್ಲಾಸಿ ಪೇಪರ್ ಬೇಡ, ಗಾಜು ಹಾಕಿಸುವುದೂ ಬೇಡ. ಎದುರಿಗೆ ಕಿಟಕಿ ಇದ್ದರೆ ಆ ಕಪ್ಪಿನಲ್ಲಿ ನಿಮ್ಮ ಕರ್ಟನ್ನೇ ಕಾಣುತ್ತದೆ. ಪ್ಯಾಕಿಂಗ್ ಪರವಾಗಿಲ್ಲ.

ಎಡಗಡೆ ಒಂದು ಮರ ಗುಂಪು ಬಿಟ್ಟು ದೂರ ನಿಂತಿದೆ. ಅದನ್ನು ಹೆಬ್ಬೆರಳಲ್ಲಿ ಮುಚ್ಚಿ ನೋಡಿ, ಚಿತ್ರ ಸಪ್ಪೆಯಾಗುತ್ತದೆ, ಕಣ್ಣು ಓಡಾಡುವುದಕ್ಕೆ ಜಾಗವೇ ಇರುವುದಿಲ್ಲ. 24×24 ಚೌಕದ ಪ್ರಿಂಟ್‌ನಲ್ಲಿ ಸರಿಯಾಗಿ ಆ ಮರವನ್ನೇ ಕತ್ತರಿಸಿದ್ದಾರೆ. ಅದರ ಬೆಲೆ ಕಡಿಮೆ ಅಂತ ಮಾತ್ರ ತೆಗೆದುಕೊಳ್ಳಬೇಡಿ. ಅಡ್ಡದ್ದಕ್ಕೆ ನನ್ನ ಕಡೆಯಿಂದ ಐದಕ್ಕೆ ನಾಲ್ಕು.