ಪಾದದ ಆಪರೇಶನ್ ಆದ ಮೇಲೆ ಯಾವ ಬೂಟು? ಹೊಸ್ತಿಲ ಒಳಗೆ ನಾಲ್ಕನ್ನೂ ಹಾಕಿ ನೋಡಿದಾಗ

ಪಾದದ ಆಪರೇಶನ್ ಮುಗಿಸಿ ಮನೆಗೆ ಬಂದವರು ಹೆಚ್ಚಿನ ಹೆಜ್ಜೆ ಹಾಕುವುದು ರಸ್ತೆಯಲ್ಲಲ್ಲ. ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಅಡುಗೆಮನೆಗೆ. ನಮ್ಮ ಮನೆಗಳಲ್ಲಿ ಚಪ್ಪಲಿ ಹೊಸ್ತಿಲ ಹೊರಗೇ ಉಳಿಯುತ್ತದೆ. ಆಪರೇಶನ್ ಆದ ಪಾದಕ್ಕೆಂದು ಹಾಕಿಸುವ ಬೂಟೂ ಅಲ್ಲೇ ಉಳಿದರೆ ಕೊಂಡದ್ದು ವ್ಯರ್ಥ. ಅದಕ್ಕೇ ಇಲ್ಲಿ ಮುಖ್ಯವಾಗಿ ನೋಡಿದ್ದು ಒಂದನ್ನೇ: ಮನೆಯೊಳಗೆ ದಿನವಿಡೀ ಹಾಕಿಕೊಂಡಿರಲು ಯಾವುದು ಆಗುತ್ತದೆ, ಯಾವುದು ಬೇಗ ಮೂಲೆ ಸೇರುತ್ತದೆ.

ಹಾಕಿ ನಡೆದು ನೋಡಿದ್ದು ಇವನ್ನು: ಮೊಣಕಾಲಿನ ಕೆಳಗಿನವರೆಗೆ ಬರುವ ಉದ್ದ ವಾಕರ್ ಬೂಟ್, ಮೀನಖಂಡದ ಅರ್ಧಕ್ಕೆ ನಿಲ್ಲುವ ಗಿಡ್ಡ ವಾಕರ್ ಬೂಟ್, ಹಿಮ್ಮಡಿಯ ಮೇಲೆ ಮಾತ್ರ ಭಾರ ಬೀಳಿಸುವ ವೆಡ್ಜ್ ಶೂ, ಬಾಗದ ಅಟ್ಟೆಯ ಚಪ್ಪಟೆ ಸ್ಯಾಂಡಲ್. ಆಯ್ಕೆ ಸರ್ಜನ್ನರದ್ದೇ. ಆದರೆ ಚೀಟಿಯಲ್ಲಿ ಬರೀ 'ವಾಕರ್ ಬೂಟ್' ಎಂದಿದ್ದರೆ ಅಂಗಡಿಯವರು ತಮ್ಮಲ್ಲಿ ಇದ್ದದ್ದನ್ನು ಕೊಟ್ಟು ಕಳಿಸುತ್ತಾರೆ. ಉದ್ದವೋ ಗಿಡ್ಡವೋ, ಕಾಲಿನ ಮೇಲೆ ಎಷ್ಟು ಭಾರ ಊರಬಹುದು, ಮಲಗುವಾಗ ಬಿಚ್ಚಬಹುದೇ ಎಂಬುದನ್ನು ಕೇಳಿ ಬರೆಸಿಕೊಂಡೇ ಆಸ್ಪತ್ರೆಯಿಂದ ಹೊರಡಿ.

ಉದ್ದ ಬೂಟಿನ ಬಲ ಅದರ ಎರಡು ಬದಿಯ ಗಟ್ಟಿ ಪಟ್ಟಿಗಳಲ್ಲಿದೆ. ಅವು ಕಣಕಾಲನ್ನೂ ಪಾದವನ್ನೂ ಒಂದೇ ಕೋನದಲ್ಲಿ ಹಿಡಿದಿಡುತ್ತವೆ. ಪಾದದ ಕೀಲಿನ ಮುರಿತಕ್ಕೆ ಪ್ಲೇಟು ಹಾಕಿದ್ದರೆ, ಅಕಿಲಿಸ್ ಟೆಂಡನ್ (ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ದಪ್ಪ ಸ್ನಾಯುರಜ್ಜು) ಹೊಲಿದಿದ್ದರೆ, ಹಿಮ್ಮಡಿ ಮೂಳೆಗೆ ಕೆಲಸವಾಗಿದ್ದರೆ ಈ ನಾಲ್ಕರಲ್ಲಿ ಇದಕ್ಕೆ ಬದಲಿ ಇಲ್ಲ. ಅಕಿಲಿಸ್ ಆದವರಿಗೆ ಹಿಮ್ಮಡಿಯ ಕೆಳಗೆ ಕೆಲವು ಬಿಲ್ಲೆಗಳನ್ನಿಟ್ಟು, ವಾರಗಳು ಕಳೆದಂತೆ ಒಂದೊಂದಾಗಿ ತೆಗೆಸುತ್ತಾರೆ. ಹೊಲಿದ ಟೆಂಡನ್ ಒಮ್ಮೆಲೇ ಎಳೆಯಬಾರದು ಎಂಬುದಕ್ಕೆ ಈ ಏರ್ಪಾಡು. ಆ ಬಿಲ್ಲೆಯನ್ನು ಮನೆಯಲ್ಲಿ ನೀವಾಗಿಯೇ ಕಿತ್ತುಹಾಕಬೇಡಿ.

ಕಷ್ಟ ಇರುವುದು ತೂಕದಲ್ಲಲ್ಲ, ಎತ್ತರದಲ್ಲಿ. ತೂಕ ಒಂದು ಕಿಲೋದಿಂದ ಒಂದೂವರೆ ಕಿಲೋ. ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ. ಆದರೆ ಅಟ್ಟೆ ಎರಡೂವರೆಯಿಂದ ನಾಲ್ಕು ಸೆಂಟಿಮೀಟರ್ ದಪ್ಪ. ಹೊರಗೆ ಇನ್ನೊಂದು ಕಾಲಿಗೆ ಶೂ ಇರುವುದರಿಂದ ವ್ಯತ್ಯಾಸ ಸ್ವಲ್ಪ ಸರಿಹೋಗುತ್ತದೆ. ಮನೆಯೊಳಗೆ ಆ ಕಾಲು ಬರಿಗಾಲು, ಹಾಗಾಗಿ ಅಂತರ ಪೂರ್ತಿ ಉಳಿಯುತ್ತದೆ. ಪ್ರತಿ ಹೆಜ್ಜೆಗೂ ಸೊಂಟ ಒಂದು ಕಡೆಗೆ ಕುಸಿಯುತ್ತದೆ, ವಾರದೊಳಗೆ ಬೆನ್ನು ಹಿಡಿದುಕೊಳ್ಳುತ್ತದೆ. 'ಬೂಟು ಆಗಲ್ಲ' ಎಂದು ಬಿಚ್ಚಿಡುವವರಲ್ಲಿ ಎಷ್ಟೋ ಜನರಿಗೆ ನೋವು ಪಾದದ್ದಲ್ಲ, ಸೊಂಟದ್ದು. ಪರಿಹಾರ ಸುಲಭ: ಇನ್ನೊಂದು ಕಾಲಿಗೆ ದಪ್ಪ ಅಟ್ಟೆಯ, ಹಿಂದೆ ಪಟ್ಟಿಯಿರುವ ಹೊಸ ಸ್ಯಾಂಡಲ್ ಒಂದನ್ನು ಮನೆಯೊಳಗೆ ಮಾತ್ರ ಬಳಸಿ. ಹೊರಗಿಂದ ಬಂದಾಗ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಬೂಟಿನ ಅಟ್ಟೆಯನ್ನು ಒದ್ದೆ ಬಟ್ಟೆಯಿಂದ, ಆಮೇಲೆ ಒಣ ಬಟ್ಟೆಯಿಂದ ಒರೆಸಿ. ದೇವರಮನೆಯ ಮುಂದೆಯೂ ಬಿಚ್ಚಬೇಡಿ. ಹೊರಗೇ ಕುರ್ಚಿ ಹಾಕಿಕೊಂಡು ಕೈಮುಗಿದರೆ ಸಾಕು.

ಈ ಬೂಟಿನ ಅಟ್ಟೆ ದೋಣಿಯ ತಳದಂತೆ ಬಾಗಿರುತ್ತದೆ. ಕೀಲು ಮಡಚದೆಯೇ ಪಾದ ಮುಂದಕ್ಕೆ ಉರುಳಲಿ ಎಂದು ಹಾಗೆ ಮಾಡಿರುತ್ತಾರೆ. ಆದರೆ ಬಾಗಿದ ಅಟ್ಟೆ ನೆಲಕ್ಕೆ ತಾಗುವುದು ಸ್ವಲ್ಪ ಭಾಗ ಮಾತ್ರ, ಹಾಗಾಗಿ ಒದ್ದೆ ಗ್ರಾನೈಟಿನ ಮೇಲೆ ಜಾರುತ್ತದೆ. ನೆಲ ಒರೆಸಿ ಪೂರ್ತಿ ಆರುವವರೆಗೆ ಏಳಬೇಡಿ. ತಿರುಗುವಾಗ ಬೂಟಿನ ಮೇಲೆ ಗಿರಕಿ ಹೊಡೆಯದೆ ಸಣ್ಣ ಸಣ್ಣ ಹೆಜ್ಜೆಯಲ್ಲಿ ಸುತ್ತಿ. ಇಂಡಿಯನ್ ಕಕ್ಕಸಿನಲ್ಲಿ ಕೂರಲು ಸಾಧ್ಯವೇ ಇಲ್ಲ: ಪಾದದ ಕೀಲು ಮಡಚದಿದ್ದರೆ ದೇಹ ಹಿಂದಕ್ಕೆ ಬೀಳುತ್ತದೆ. ಕಮೋಡ್ ಕುರ್ಚಿಯನ್ನು ಆಪರೇಶನ್ನಿಗೆ ಮೊದಲೇ ತಂದಿಡಿ.

ಗಾಳಿ ತುಂಬುವ ಉದ್ದ ಬೂಟಿಗೆ ಹೆಚ್ಚು ದುಡ್ಡು ಕೊಡುವುದು ಸಾರ್ಥಕವೇ? ಊತ ಏರಿಳಿಯುವ ಮೊದಲ ವಾರಗಳಲ್ಲಿ ಹೌದು. ಬೆಳಿಗ್ಗೆ ಸಡಿಲವಿದ್ದ ಬೂಟು ಸಂಜೆಗೆ ಬಿಗಿಯಾದಾಗ ವೆಲ್ಕ್ರೋ ಪಟ್ಟಿ ಬಿಚ್ಚಬೇಕಿಲ್ಲ, ಗಾಳಿ ಬಿಟ್ಟರೆ ಸಾಕು. ಮಾಡುವ ತಪ್ಪೆಂದರೆ ಪಟ್ಟಿ ಸಡಿಲ ಬಿಟ್ಟು ಗಾಳಿಯಿಂದಲೇ ಬಿಗಿ ಮಾಡುವುದು. ಮೊದಲು ಪಟ್ಟಿ, ಆಮೇಲೆ ಪಂಪಿನ ಒಂದೊಂದೇ ಒತ್ತು. ಹಿತವಾಗಿ ಅಪ್ಪಿದಂತಾದಾಗ ನಿಲ್ಲಿಸಿ. ಬೆರಳು ಜೋಮು ಹಿಡಿದರೆ ಗಾಳಿ ಹೆಚ್ಚಾಗಿದೆ ಎಂದೇ ಅರ್ಥ. ದುಬೈಯಿಂದಲೋ ಲಂಡನ್ನಿನಿಂದಲೋ ಊರಿಗೆ ಬರುವವರು ವಿಮಾನ ಮೇಲೇರುವ ಮೊದಲು ಸ್ವಲ್ಪ ಗಾಳಿ ಬಿಡಬೇಕು. ವಿಮಾನದೊಳಗಿನ ಗಾಳಿಯ ಒತ್ತಡ ಇಳಿದಂತೆ ಬೂಟಿನ ಗಾಳಿಚೀಲ ಉಬ್ಬಿ ಕಾಲನ್ನು ಹಿಚುಕುತ್ತದೆ.

ಗಿಡ್ಡ ಬೂಟು ಕಾಲ್ಬೆರಳು ಮತ್ತು ಪಾದದ ನಡು ಮೂಳೆಗಳ ಆಪರೇಶನ್ನಿಗೆ ಸರಿ. ಹಗುರ, ಸೀರೆ-ಪಂಚೆಗೆ ಸಿಕ್ಕಿಕೊಳ್ಳುವುದು ಕಡಿಮೆ, ಆಟೋ ಹತ್ತಿ ಇಳಿಯಲು ಸುಲಭ. ಆದರೆ ಹಿಡಿತ ಗಿಡ್ಡವಾದ್ದರಿಂದ ಪಾದದ ಕೀಲನ್ನು ಉದ್ದ ಬೂಟಿನಷ್ಟು ಕಟ್ಟಿಹಾಕದು. ಮೇಲಿನ ಅಂಚು ಮೀನಖಂಡದ ದಪ್ಪ ಭಾಗಕ್ಕೇ ಬಂದು ಒತ್ತುತ್ತದೆ. ಅಲ್ಲಿ ಕಾಲುಚೀಲವನ್ನು ಅಂಚಿನ ಮೇಲೆ ಮಡಚಿ. ಕುಳ್ಳಗಿರುವವರಿಗೆ ಉದ್ದ ಬೂಟೇ ಮೊಣಕಾಲ ಹಿಂಬದಿಗೆ ಚುಚ್ಚಬಹುದು: ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತಾಗ ಅಂಚಿಗೂ ಮಡಿಕೆಗೂ ನಡುವೆ ಎರಡು ಬೆರಳು ತೂರದಿದ್ದರೆ ಆ ಅಳತೆ ಬೇಡ.

ವೆಡ್ಜ್ ಶೂವನ್ನು ನಾವು ಮನೆಬಳಕೆಗೆ ಮೆಚ್ಚಲಿಲ್ಲ. ಹೆಬ್ಬೆರಳ ಬನಿಯನ್ (ಬೆರಳ ಬುಡದಲ್ಲಿ ಹೊರಚಾಚುವ ಮೂಳೆಯ ಉಬ್ಬು) ಆಪರೇಶನ್ ಆದವರಿಗೆ ಕೊಡುವ ಇದರ ಮುಂಭಾಗದ ಕೆಳಗೆ ಅಟ್ಟೆಯೇ ಇಲ್ಲ. ಪಾದದ ಮುಂದಿನ ಅರ್ಧ ಗಾಳಿಯಲ್ಲಿ ನಿಲ್ಲುತ್ತದೆ. ಕತ್ತರಿಸಿ ಕೂಡಿಸಿದ ಮೂಳೆಗೆ ಭಾರ ತಾಗದು, ಆ ಮಟ್ಟಿಗೆ ಒಳ್ಳೆಯದು. ಆದರೆ ದೋಸೆ ಹೊಯ್ಯಲು ಹತ್ತು ನಿಮಿಷ ಒಲೆ ಮುಂದೆ ನಿಂತು ನೋಡಿ: ಮೀನಖಂಡ ಬಿಗಿದು, ದೇಹ ಹಿಂದಕ್ಕೆ ವಾಲಿ, ಕೈ ತಾನಾಗಿ ಕಟ್ಟೆ ಹಿಡಿಯುತ್ತದೆ. ದಣಿದಾಗ ಮುಂಭಾಗವನ್ನು ನೆಲಕ್ಕೆ ಒತ್ತುತ್ತೇವೆ, ಆಗ ಶೂ ಹಾಕಿದ ಉದ್ದೇಶವೇ ಹೋಯಿತು. ಬಚ್ಚಲ ನೆಲ ಒಂದೆರಡು ಇಂಚು ತಗ್ಗಿರುವ ಮನೆಗಳಲ್ಲಿ ಆ ಮೆಟ್ಟಿಲೇ ಅಪಾಯ. ವೆಡ್ಜ್ ಬೇಕೇ ಬೇಕು ಎಂದು ಸರ್ಜನ್ ಹೇಳಿದ್ದರೆ ಊರುಗೋಲಿಲ್ಲದೆ ಒಂದು ಹೆಜ್ಜೆಯೂ ಬೇಡ. ಹೇಳಿಲ್ಲದಿದ್ದರೆ ಚಪ್ಪಟೆ ಸ್ಯಾಂಡಲ್ ನಡೆಯುತ್ತದೆಯೇ ಎಂದು ಕೇಳಿ.

ಚಪ್ಪಟೆ ಸ್ಯಾಂಡಲ್ ಅಗ್ಗ, ಹಗುರ, ಪೂರ್ತಿ ತೆರೆದುಕೊಳ್ಳುವುದರಿಂದ ಬ್ಯಾಂಡೇಜಿನ ಮೇಲೂ ಹಾಕಬಹುದು. ಕೊಳ್ಳುವಾಗ ಎರಡು ತುದಿ ಹಿಡಿದು ಬಾಗಿಸಿ. ಕೈಯಲ್ಲಿ ಬಾಗಿದ್ದು ಕಾಲಡಿಯಲ್ಲೂ ಬಾಗುತ್ತದೆ, ಅಂಥದ್ದು ಬೇಡ. ಬೆರಳಿಗೆ ರಕ್ಷಣೆಯಿಲ್ಲ ಎಂಬುದೇ ಇದರ ಕೊರತೆ. ಮಕ್ಕಳಿರುವ ಮನೆಯಲ್ಲಿ ಎಚ್ಚರ.

ವಾಕರ್ ಬೂಟುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವುದು ಹಿಮ್ಮಡಿ ಕೂರಿಸುವ ರೀತಿ. ಕುರ್ಚಿಯಲ್ಲಿ ಕೂತು, ಮೊಣಕಾಲು ಲಂಬಕೋನದಲ್ಲಿಟ್ಟು, ಹಿಮ್ಮಡಿಯನ್ನು ಬೂಟಿನ ಹಿಂದಿನ ಗೋಡೆಗೆ ತಾಗುವವರೆಗೆ ತಳ್ಳಿ. ಬೂಟಿನೊಳಗಿನ ಮೆತ್ತನೆಯ ಪದರದ, ಅಂದರೆ ಲೈನರಿನ, ಎರಡು ಅಂಚನ್ನು ಮಡಿಕೆ ಬೀಳದಂತೆ ಒಂದರ ಮೇಲೊಂದು ಹಾಸಿ. ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯಿರಿ. ಎದ್ದು ನಿಂತಾಗ ಬೂಟಿನೊಳಗೆ ಹಿಮ್ಮಡಿ ಏಳುತ್ತಿದ್ದರೆ ಪಾದದ ಕೀಲಿನ ಎದುರಿನ ಪಟ್ಟಿ ಸಡಿಲ. ಸಂಜೆ ಬಿಚ್ಚಿದಾಗ ಕಣಕಾಲ ಎಲುಬಿನ ಮೇಲೆ ಕೆಂಪು ಗೆರೆ ಕಂಡರೆ ಅರ್ಧ ಗಂಟೆ ಕಾದು ನೋಡಿ. ಮಾಸಿದರೆ ಸರಿ, ಮಾಸದಿದ್ದರೆ ಅಲ್ಲಿ ಲೈನರ್ ಮಡಚಿಕೊಂಡಿದೆ, ಇಲ್ಲವೇ ಕಾಲುಚೀಲದ ಹೊಲಿಗೆ ಒತ್ತುತ್ತಿದೆ. ಹೊಲಿಗೆಯಿಲ್ಲದ, ಮೊಣಕಾಲವರೆಗಿನ ಹತ್ತಿಯ ಕಾಲುಚೀಲ ನಾಲ್ಕಾದರೂ ಬೇಕು. ಮಧುಮೇಹದಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ನೋವಿನ ಎಚ್ಚರಿಕೆ ಸಿಗುವುದಿಲ್ಲ. ದಿನಕ್ಕೆರಡು ಸಲ ಕನ್ನಡಿ ಹಿಡಿದು ಹಿಮ್ಮಡಿಯ ಕೆಳಗನ್ನೂ ನೋಡಬೇಕು.

ಲೈನರನ್ನು ತಣ್ಣೀರಲ್ಲಿ ಸೌಮ್ಯ ಸೋಪು ಹಾಕಿ ಕೈಯಲ್ಲೇ ಒಗೆದು ನೆರಳಲ್ಲಿ ಹರವಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಫ್ಯಾನಿನಡಿಯೂ ಎರಡು ದಿನ ಹಿಡಿಯುತ್ತದೆ, ಇನ್ನೊಂದು ಲೈನರ್ ಕೊಂಡಿಡುವುದು ಲೇಸು. ವೆಲ್ಕ್ರೋ ಹಿಡಿಯದಾದರೆ ಕೂದಲು, ನೂಲು ಸೇರಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದರೆ ಮತ್ತೆ ಹಿಡಿಯುತ್ತದೆ.

ಊರುಗೋಲು ಆಪರೇಶನ್ ಆಗದ ಕಾಲಿನ ಕಡೆಯ ಕೈಯಲ್ಲಿರಲಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಬೂಟಿನ ಕಾಲು ಮೊದಲು. ಬೂಟು ಬಲಗಾಲಿಗಿದ್ದರೆ ಕಾರು ಓಡಿಸುವ ಮಾತೇ ಇಲ್ಲ. ಎಡಗಾಲಿಗಿದ್ದರೆ ಕ್ಲಚ್ ಇರುವ ಗಾಡಿಯೂ ಬೇಡ. ಮೀನಖಂಡ ಊದಿ ನೋಯತೊಡಗಿದರೆ ಬೂಟಿನ ಬಿಗಿ ಎಂದು ಸುಮ್ಮನಿರಬೇಡಿ, ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು; ಅಂದೇ ತೋರಿಸಿ. ಜೊತೆಗೆ ಉಸಿರುಗಟ್ಟಿದರೆ, ಎದೆ ನೋವು ಬಂದರೆ ನೇರ ತುರ್ತು ವಿಭಾಗಕ್ಕೆ.

ಬೂಟು ಬಿಡುವ ದಿನ ಹಳೆಯ ಶೂ ಕಾಲಿಗೆ ಹಿಡಿಸದು, ಊತ ತಿಂಗಳುಗಟ್ಟಲೆ ಉಳಿಯುತ್ತದೆ. ಮುಂಭಾಗ ಅಗಲವಿರುವ, ದಪ್ಪ ಅಟ್ಟೆಯ, ಲೇಸಿನ ಶೂ ತೆಗೆದುಕೊಳ್ಳಿ. ಅಳತೆಗೆ ಸಂಜೆ ಹೊತ್ತಲ್ಲಿ, ಕಾಲು ಊದಿರುವಾಗಲೇ ಅಂಗಡಿಗೆ ಹೋಗಿ.