ಊಟಿ ನರ್ಸರಿಯ ಲೋಗನ್‌ಬೆರಿ ಸಸಿ: ಕೊಳ್ಳಬಹುದು, ಆದರೆ ನೋಡಿಕೊಂಡು

ಲೋಗನ್‌ಬೆರಿ ಎಂದರೆ ರಾಸ್ಪ್‌ಬೆರಿ ಮತ್ತು ಬ್ಲ್ಯಾಕ್‌ಬೆರಿಯ ಮಿಶ್ರತಳಿ. ಸಸಿ ಗಟ್ಟಿಮುಟ್ಟಾಗಿದೆ, ಬೇರೂ ಚೆನ್ನಾಗಿದೆ. ಲೇಬಲ್ ಮಾತ್ರ ನಂಬಬೇಡಿ. ತಾಯಿಗಿಡದ ಹಣ್ಣು ಕಿತ್ತು ನೋಡಿ. ಹಣ್ಣಿನ ನಡುವಿನ ಬಿಳಿ ದಿಂಡು ಗಿಡದಲ್ಲೇ ಉಳಿದು ಹಣ್ಣು ಒಳಗೆ ಟೊಳ್ಳಾಗಿದ್ದರೆ ಅದು ರಾಸ್ಪ್‌ಬೆರಿ. ದಿಂಡು ಹಣ್ಣಿನ ಜೊತೆಗೇ ಬಂದು, ಪೂರ್ತಿ ಮಾಗಿದರೂ ಕಪ್ಪಾಗದೆ ಕಡುಗೆಂಪಾಗಿಯೇ ಇದ್ದು, ಹುಳಿ ಮುಂದಾಗಿದ್ದರೆ ಲೋಗನ್‌ಬೆರಿ. ಇದೇ ಬಗೆಯ ಇನ್ನೊಂದು ಮಿಶ್ರತಳಿ ಟೇಬೆರಿಯ ಹಣ್ಣು ಇನ್ನೂ ಉದ್ದ, ಸಿಹಿಯೂ ಹೆಚ್ಚು.

ಪ್ರತಿವರ್ಷ ಎಲ್ಲ ಬಳ್ಳಿಗಳನ್ನೂ ಬುಡಕ್ಕೆ ಕತ್ತರಿಸಿ ಎಂಬ ಅಂಗಡಿಯವರ ಸಲಹೆ ಶುದ್ಧ ತಪ್ಪು! ಈ ವರ್ಷ ಬೆಳೆದ ಬಳ್ಳಿಯಲ್ಲಿ ಹಣ್ಣು ಮುಂದಿನ ವರ್ಷ. ಹಣ್ಣು ಕೊಟ್ಟು ಮುಗಿದದ್ದನ್ನಷ್ಟೇ ತೆಗೆಯಿರಿ, ಹೊಸದನ್ನು ತಂತಿಗೆ ಕಟ್ಟಿ. ಸಸಿಗಳ ನಡುವೆ 2.5 ಮೀಟರ್ ಇರಲಿ. ನೀರು ನಿಂತರೆ ಬೇರು ಕೊಳೆಯುತ್ತದೆ. ಒಂದೇ ಸಸಿ ಸಾಕು, ಬಳ್ಳಿಯ ತುದಿ ಮಣ್ಣಲ್ಲಿ ಹೂತರೆ ಅಲ್ಲೇ ಬೇರೊಡೆಯುತ್ತದೆ. ಹೊಸೂರಿನವರು ಕೊಳ್ಳಬೇಡಿ: ಅಲ್ಲಿನ ಚಳಿ ಇದಕ್ಕೆ ಸಾಲದು.