ಹಾಲಿನ ಗಾಡಿ ಅಂತ ತಂದ ಪಿಕಪ್: ಮೂರೂಮುಕ್ಕಾಲು ವರ್ಷ ಓಡಿಸಿದ ಮೇಲೆ

ಗಾಡಿ ತಂದ ಮಾರನೇ ದಿನ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕ ನಿಲ್ಲಿಸಿ ತೊಳೆದೆ. ಬಾಗಿಲಿನ ಅಡಿಯಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವಲ್ಲ, ಅಲ್ಲಿಂದ ನೀರು ಬೆಳ್ಳಗೆ ಇಳಿಯಿತು. ನೀರು ಮಜ್ಜಿಗೆಯ ಹಾಗೆ. ನನ್ನ ತಮ್ಮ ಬಕೆಟ್ ಕೆಳಗಿಟ್ಟು ನಗಲು ಶುರು ಮಾಡಿದ: "ಹಾಲಿನ ಗಾಡಿ ಅಂದಿದ್ರಲ್ಲಣ್ಣ, ಅದ್ಕೇ ಇನ್ನೂ ಹಾಲು ಸೋರ್ತಾ ಅದೆ."

ನಾನು ನಗಲಿಲ್ಲ. ಬೆರಳಲ್ಲಿ ಉಜ್ಜಿ ನೋಡಿದರೆ ಗರಗರ. ಪಾಂಡವಪುರದ ಕಡೆಯವರಿಗೆ ಆ ಪುಡಿಯ ಪರಿಚಯ ಮಾಡಿಸಬೇಕಾಗಿಲ್ಲ. ಕಲ್ಲು ಒಡೆಯುವ ಕ್ರಷರ್‌ನ ಪುಡಿ ಅದು.

ಗಾಡಿಯ ಕಂಪನಿ ಹೆಸರು ಇಲ್ಲಿ ಬೇಡ. ತಪ್ಪು ಕಂಪನಿಯದಲ್ಲ. ಎಷ್ಟು ಸಿಸಿ, ಎಷ್ಟು ಪವರ್ ಅನ್ನುವುದೆಲ್ಲ ಎಲ್ಲ ಕಡೆ ಸಿಗುತ್ತದೆ, ನಾನು ಬರೆಯುವುದಿಲ್ಲ. 2017ರ ಜೂನ್ ಮಾಡೆಲ್, ಹೊಗೆ ನಿಯಮದಲ್ಲಿ ಬಿಎಸ್ 4. ನಾನು ಕೊಂಡಿದ್ದು 2022ರ ಆಗಸ್ಟ್‌ನಲ್ಲಿ, ಮೈಸೂರಿನ ಒಬ್ಬ ಬ್ರೋಕರ್ ಹತ್ತಿರ, 4 ಲಕ್ಷ 65 ಸಾವಿರಕ್ಕೆ. ಮೀಟರ್‌ನಲ್ಲಿ 88,400 ಕಿಲೋಮೀಟರ್ ಇತ್ತು. "ಸಿಂಗಲ್ ಓನರ್, ಬರೀ ಹಾಲಿನ ಕ್ಯಾನ್ ಹೊತ್ತಿರೋ ಗಾಡಿ ಸ್ವಾಮಿ" ಎಂದರು. ಹೊಸ ಗಾಡಿಯ ಕಂತು ಕಟ್ಟುವ ಶಕ್ತಿ ನನಗಿರಲಿಲ್ಲ. ಎರಡು ಎಕರೆ ಟೊಮೆಟೊ, ಬೀನ್ಸ್ ಬೆಳೆಯುವವನು ನಾನು. ಅಕ್ಕಪಕ್ಕದವರ ಮಾಲನ್ನೂ ಸೇರಿಸಿಕೊಂಡು ಮೈಸೂರಿನ ಬಂಡಿಪಾಳ್ಯ ಎಪಿಎಂಸಿಗೆ ಹೊಡೆಯುತ್ತೇನೆ. ಮೊದಲು ಬಾಡಿಗೆ ಗಾಡಿಗೆ ಕೊಡುತ್ತಿದ್ದ ದುಡ್ಡು ನೋಡಿ ಹೊಟ್ಟೆ ಉರಿದು ಸ್ವಂತದ್ದು ತೆಗೆದುಕೊಂಡೆ.

ಕೊಳ್ಳುವ ದಿನ ನಾನು ನೋಡಿದ್ದು ಏನು ಗೊತ್ತಾ? ಬಣ್ಣ, ಸೀಟ್ ಕವರ್, ಟೇಪ್ ರೆಕಾರ್ಡರ್. ಕಾಗದ ಮಾತ್ರ ಸರಿಯಾಗಿ ನೋಡಿದೆ, ಅದನ್ನು ಒಪ್ಪಿಕೊಳ್ಳಬೇಕು. ಎಂಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ), ಇನ್ಶೂರೆನ್ಸ್ ನೋಡಿದೆ. ಸಾಲ ತೀರಿದ ಎನ್‌ಒಸಿ, ಫಾರಂ 35, ವರ್ಗಾವಣೆಗೆ ಫಾರಂ 29 ಮತ್ತು 30, ಎಲ್ಲ ಕೈಗೆ ಬಂದ ಮೇಲೇ ಬಾಕಿ ದುಡ್ಡು ಕೊಟ್ಟೆ. ಕಾಗದದಲ್ಲಿ ಒಂದು ಚೂರೂ ತೊಂದರೆ ಬರಲಿಲ್ಲ. ಗಾಡಿಯ ಕೆಳಗೆ ಮಾತ್ರ ಬಗ್ಗಲಿಲ್ಲ. ಬಿಳಿ ಪಂಚೆ ಉಟ್ಟುಕೊಂಡು ಹೋಗಿದ್ದೆ, ಅದೇ ತಪ್ಪು.

ಬಿಳಿ ನೀರು ಕಂಡ ಮೇಲೆ ಗಾಡಿಯನ್ನು ನಮ್ಮೂರ ಮೆಕ್ಯಾನಿಕ್ ಹತ್ತಿರ ಒಯ್ದೆ. ಅವನು ಎಂಜಿನ್ ಕಡೆ ಹೋಗಲೇ ಇಲ್ಲ. ಹಿಂದಿನ ಚಕ್ರದ ಪಕ್ಕ ಚಾಪೆ ಹಾಸಿ ಮಲಗಿದ. ಎರಡು ನಿಮಿಷ ಟಾರ್ಚ್ ಆಡಿಸಿ ಅಲ್ಲಿಂದಲೇ ಕೂಗಿದ: "ಇದು ಹಾಲು ಹೊತ್ತಿಲ್ಲ ಕಣಣ್ಣೋ. ಕಲ್ಲು ಹೊತ್ತದೆ."

ನನ್ನನ್ನೂ ಮಲಗಿಸಿದ. ಹಿಂದಿನ ಸ್ಪ್ರಿಂಗ್ ಪ್ಲೇಟುಗಳನ್ನು ತೋರಿಸಿದ. ಗಾಡಿ ಖಾಲಿ ಇದ್ದಾಗ ಅವು ಬಿಲ್ಲಿನ ಹಾಗೆ ಬಾಗಿರಬೇಕಂತೆ. ನನ್ನವು ರೊಟ್ಟಿ ತಟ್ಟಿದ ಹಾಗೆ ಚಪ್ಪಟೆ. ಅದರಲ್ಲೂ ಎಡಗಡೆ ಒಂದು ಪ್ಲೇಟು ಜಾಸ್ತಿ ಸೇರಿಸಿದ್ದರು, ಬೇರೆ ಗಾಡಿಯದು, ಅಗಲವೇ ಬೇರೆ. ಚಾಸಿಗೆ ಹಾಕಿರುವ ಸ್ಟಾಪರ್ ರಬ್ಬರ್ ಅರ್ಧ ಸವೆದು, ಆಕ್ಸೆಲ್ ತಗುಲುವ ಜಾಗ ಉಜ್ಜಿದ ಪಾತ್ರೆಯಂತೆ ಹೊಳೆಯುತ್ತಿತ್ತು. ರಬ್ಬರ್ ಇರುವುದು ಯಾವಾಗಲೋ ಒಮ್ಮೆ ದೊಡ್ಡ ಗುಂಡಿಗೆ ಬಿದ್ದಾಗ ತಡೆಯಲಿಕ್ಕೆ. ಅದು ಅಷ್ಟು ಸವೆಯಬೇಕೆಂದರೆ ಗಾಡಿ ದಿನಾ ಅದರ ಮೇಲೇ ಕೂತು ಓಡಿದೆ ಅಂತ ಅರ್ಥ.

ಇನ್ನೊಂದು ತೋರಿಸಿದ. ಚಾಸಿಗೆ ಹೊಸದಾಗಿ ಕಪ್ಪು ಬಣ್ಣ ಹೊಡೆದಿದ್ದರು. ನಾನು ಅದನ್ನು ಕಂಡು ಕೊಳ್ಳುವಾಗ ಖುಷಿಪಟ್ಟಿದ್ದೆ! ಸ್ಪ್ರಿಂಗ್ ಕಟ್ಟಿರುವ ಕೊಂಡಿಯ ಹತ್ತಿರ ಆ ಬಣ್ಣವನ್ನು ಸ್ಕ್ರೂಡ್ರೈವರ್‌ನಿಂದ ಕೆರೆದ. ಒಳಗೆ ವೆಲ್ಡಿಂಗ್ ಗಂಟು. ಸೀಳು ಬಿಟ್ಟಿದ್ದಕ್ಕೆ ಪಟ್ಟಿ ಹಚ್ಚಿ ಬೆಸೆದಿದ್ದರು. ಐದು ವರ್ಷದ ಗಾಡಿಯ ಅಡಿಗೆ ಯಾರೂ ಸುಮ್ನೆ ಬಣ್ಣ ಹೊಡೆಯುವುದಿಲ್ಲ. ಮೇಲೆ ಹೊಡೆದರೆ ಚಂದಕ್ಕೆ. ಕೆಳಗೆ ಹೊಡೆದರೆ ಏನೋ ಮುಚ್ಚಲಿಕ್ಕೆ.

ಹಾಲಿನ ಗಾಡಿಯ ತೊಟ್ಟಿ, ಅಂದರೆ ಮಾಲು ಹಾಕುವ ಹಿಂಭಾಗ, ಹೇಗಿರುತ್ತದೆ ಅಂತ ಆಮೇಲೆ ಡೇರಿ ಹತ್ತಿರ ನಿಂತು ನೋಡಿದೆ. ತಳದ ತುಂಬ ಕ್ಯಾನ್ ಕೂತ ಗುಂಡನೆಯ ಗುರುತು, ಒಂದರ ಮೇಲೊಂದು ಬಳೆ ಇಟ್ಟಂತೆ. ಮೂಲೆಯಲ್ಲಿ ಹುಳಿ ವಾಸನೆ. ಬೆಲ್ಲ ಹೊಡೆದ ಗಾಡಿಯಾದರೆ ಹಲಗೆ ಸಂದಿಯಲ್ಲಿ ಇರುವೆ. ಮೀನಿನ ಗಾಡಿಯಾದರೆ ಉಪ್ಪುನೀರಿಗೆ ತಳ ತುಕ್ಕು ತಿಂದಿರುತ್ತದೆ, ವಾಸನೆ ಹೇಳುವುದೇ ಬೇಡ. ನನ್ನ ಗಾಡಿಯ ತಳದಲ್ಲಿ ಬಳೆಯೂ ಇಲ್ಲ, ವಾಸನೆಯೂ ಇಲ್ಲ. ಮೇಲಿನಿಂದ ಸೈಜುಗಲ್ಲು ಎತ್ತಿ ಹಾಕಿದ ತಗ್ಗುಗಳು. ಅದರ ಮೇಲೆ ದಪ್ಪ ಮ್ಯಾಟ್ ಹಾಸಿ ಮಾರಿದ್ದರು. ಮ್ಯಾಟ್ ಫ್ರೀ ಅಂತ ನಾನು ಹಲ್ಲು ಬಿಟ್ಟಿದ್ದೆ.

ಕಲ್ಲು, ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಹೊತ್ತ ಗಾಡಿ ಯಾಕೆ ಹೀಗೆ ಬೆನ್ನು ಮುರಿದುಕೊಳ್ಳುತ್ತದೆ ಅಂತ ಲೆಕ್ಕ ಹಾಕಿ. ಒಂದು ಘನ ಅಡಿ ಎಂ ಸ್ಯಾಂಡ್ ಅಂದರೆ ಸುಮಾರು 45ರಿಂದ 50 ಕೆಜಿ. ನನ್ನ ಗಾಡಿಯ ಆರ್‌ಸಿಯಲ್ಲಿ ಇರುವ ಲೋಡು ಒಂದೂಕಾಲು ಟನ್. ಇಪ್ಪತ್ತೈದು ಅಡಿ ಹಾಕಿದರೆ ಮುಗಿಯಿತು. ಆದರೆ ಇಪ್ಪತ್ತೈದು ಅಡಿಗೆ ತೊಟ್ಟಿ ಅರ್ಧವೂ ತುಂಬುವುದಿಲ್ಲ! ಕಣ್ಣಿಗೆ ಗಾಡಿ ಖಾಲಿ ಇದ್ದ ಹಾಗೇ ಕಾಣುತ್ತದೆ. ಟ್ರಿಪ್ ಲೆಕ್ಕದಲ್ಲಿ ದುಡ್ಡು ಬರುವಾಗ ಯಾವ ಡ್ರೈವರ್ ಅರ್ಧಕ್ಕೆ ನಿಲ್ಲಿಸುತ್ತಾನೆ? ಸಿಕ್ಕಿಬಿದ್ದರೆ ಕಾನೂನಿನಲ್ಲಿ ದಂಡ 20,000 ರೂಪಾಯಿ, ಜಾಸ್ತಿ ಇರುವ ಪ್ರತಿ ಟನ್‌ಗೆ ಮತ್ತೆ 2,000. ಆದರೂ ಹೊಡೆಯುತ್ತಾರೆ. ಟೊಮೆಟೊ ಕ್ರೇಟ್ ಹಾಗಲ್ಲ. ಜಾಗ ಮೊದಲು ಮುಗಿಯುತ್ತದೆ, ತೂಕ ಆಮೇಲೆ.

ಮೊದಲ ವರ್ಷ ಸುರಿದ ದುಡ್ಡು ಹೇಳಿಬಿಡುತ್ತೇನೆ. ಸ್ಪ್ರಿಂಗ್ ಸೆಟ್, ಬುಷ್, ಯು ಬೋಲ್ಟ್. ಕ್ಲಚ್ ಸೆಟ್. ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್, ಗೇರ್ ಬದಲಿಸಿದಾಗಲೆಲ್ಲ 'ಟಕ್' ಅನ್ನುತ್ತಿತ್ತು. ತೊಟ್ಟಿಗೆ ಹೊಸ ಶೀಟ್. ನಾಲ್ಕು ಟೈರ್, ಇದ್ದವು ಒಂದೊಂದು ಒಂದೊಂದು ಕಂಪನಿಯವು. ಎಲ್ಲ ಸೇರಿ 1 ಲಕ್ಷ 8 ಸಾವಿರ. ಮನೆಯಲ್ಲಿ ನಮ್ಮವಳು ಒಂದು ಮಾತೂ ಆಡಲಿಲ್ಲ. ಅದು ಬೈಗುಳಕ್ಕಿಂತ ಕಷ್ಟ. ಬ್ರೋಕರ್‌ಗೆ ಫೋನ್ ಮಾಡಿದರೆ, "ನೀವೇ ನೋಡಿ ತಗೊಂಡ್ರಲ್ಲ" ಅಂದರು. ಅದೂ ನಿಜವೇ.

ಆ ವರ್ಷ ಯಾರಾದರೂ ಗಾಡಿ ಹೇಗಿದೆ ಅಂತ ಕೇಳಿದ್ದರೆ ಒಂದು ಸ್ಟಾರೂ ಕೊಡುತ್ತಿರಲಿಲ್ಲ.

ಎರಡನೇ ವರ್ಷ ಒಂದು ರಾತ್ರಿ ಹೆಡ್‌ಲೈಟ್ ಹೋಯಿತು. ಶ್ರೀರಂಗಪಟ್ಟಣ ದಾಟಿ ಪಶ್ಚಿಮವಾಹಿನಿ ಹತ್ತಿರ. ಗಾಡಿ ಪಕ್ಕಕ್ಕೆ ಹಾಕಿ, ಮೊಬೈಲ್ ಬೆಳಕಿನಲ್ಲಿ ಫ್ಯೂಸ್ ಬಾಕ್ಸ್ ತೆಗೆದೆ. ಅಂಗೈ ಅಗಲದ ಆ ಮುಚ್ಚಳದ ಒಳಬದಿಯಲ್ಲಿ ಮಾರ್ಕರ್ ಪೆನ್ನಿನಿಂದ ಸಣ್ಣಸಣ್ಣ ಅಂಕಿ. ಎರಡು ಸಾಲು. ಮೇಲೆ 'ಆಯಿಲ್' ಅಂತ ಬರೆದಿತ್ತು. 9,800. 19,600. 30,100. ಹೀಗೇ ಸುಮಾರು ಹತ್ತು ಸಾವಿರ ಕಿಲೋಮೀಟರ್‌ಗೆ ಒಂದೊಂದು, ಒಟ್ಟು ಹದಿನೇಳು. ಕೊನೆಯದು 1,71,300.

ನನಗೆ ಮಾರಿದಾಗ ಮೀಟರ್‌ನಲ್ಲಿ 88,400!

ಮೊದಲು ಬಂದಿದ್ದು ಸಿಟ್ಟು. ಮೀಟರ್ ತಿರುಗಿಸಿದ್ದರು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಆಮೇಲೆ ಫ್ಯೂಸ್ ಹಾಕಿ, ಲೈಟ್ ಹತ್ತಿಸಿ, ರಿಂಗ್ ರೋಡ್ ಹಿಡಿದ ಮೇಲೆ ಬೇರೆ ಯೋಚನೆ ಬಂತು. ಹದಿನೇಳು ಸಲ. ಹಿಂದಿನ ಡ್ರೈವರ್ ಒಂದು ಸಲವೂ ತಪ್ಪಿಸಿಲ್ಲ. ಗಾಡಿ ಅವನದೋ, ಸಂಬಳಕ್ಕಿದ್ದನೋ ಗೊತ್ತಿಲ್ಲ. ಹೊಟ್ಟೆಪಾಡಿಗೆ ಎರಡು ಪಟ್ಟು ಲೋಡ್ ಹೊಡೆದವನು, ಆಯಿಲ್ ಮಾತ್ರ ಲೆಕ್ಕ ಇಟ್ಟು ಬದಲಿಸಿದ್ದಾನೆ. ಮೆಕ್ಯಾನಿಕ್‌ಗೆ ಹೇಳಿದೆ. "ಅದ್ಕೇ ಎಂಜಿನ್ ಹಿಂಗದೆ. ಬೆನ್ನು ಮುರುದ್ರೂ ಗುಂಡಿಗೆ ಕಾಪಾಡವ್ನೆ ಬುಡಣ್ಣ" ಅಂದ.

ನಿಜಕ್ಕೂ ಎಂಜಿನ್‌ಗೆ ನಾನು ಇವತ್ತಿನವರೆಗೂ ಆಯಿಲ್, ಫಿಲ್ಟರ್, ಬೆಲ್ಟ್ ಬಿಟ್ಟು ಏನೂ ಹಾಕಿಸಿಲ್ಲ. ನಾನು ಓಡಿಸಿದ್ದೇ 63,000 ದಾಟಿದೆ. ಆಯಿಲ್ ಬದಲಿಸಿದಾಗಲೆಲ್ಲ ಅದೇ ಮುಚ್ಚಳದಲ್ಲಿ, ಅವನ ಅಂಕಿಗಳ ಕೆಳಗೇ ಬರೆಯುತ್ತೇನೆ. ಮೀಟರ್‌ನಲ್ಲಿರುವ ಸುಳ್ಳು ಅಂಕಿ ಅಲ್ಲ, ಅವನದಕ್ಕೆ ನನ್ನದು ಕೂಡಿಸಿ. ಈಗ ಜಾಗ ಮುಗಿಯುತ್ತಾ ಬಂದಿದೆ.

ಬೆಳಿಗ್ಗೆ ಮೂರೂಮುಕ್ಕಾಲಿಗೆ ಎದ್ದು ನಾನು ಮಾಡುವ ಕೆಲಸ ಇಷ್ಟು. ಹಳೇ ಬನಿಯನ್ ತುಂಡಿನಿಂದ ಡಿಪ್‌ಸ್ಟಿಕ್ ಒರೆಸಿ ಆಯಿಲ್ ನೋಡುವುದು. ರೇಡಿಯೇಟರ್ ಡಬ್ಬಿಯ ಮೇಲೆ ಟಾರ್ಚ್ ಬಿಡುವುದು. ಚಾವಿ ಅರ್ಧ ತಿರುಗಿಸಿ ಹೀಟರ್ ದೀಪ ಆರುವವರೆಗೆ ಕಾಯುವುದು. ಆ ಮೂರ್ನಾಲ್ಕು ಸೆಕೆಂಡ್ ಊರೆಲ್ಲ ನಿಶ್ಶಬ್ದ. ಆಮೇಲೆ ಒಂದೇ ಹೊಡೆತಕ್ಕೆ ಸ್ಟಾರ್ಟ್. ಡಿಸೆಂಬರ್ ಚಳಿಯಲ್ಲೂ ಎರಡನೇ ಸಲ ಚಾವಿ ತಿರುಗಿಸಿದ ನೆನಪಿಲ್ಲ. ನಾನು ಟೀ ಕುಡಿಯುವವರೆಗೆ ಅದು ಗುಡುಗುಡು ಅಂತ ನಿಂತಿರುತ್ತದೆ. ಟಾರ್ಪಾಲ್ ಎಳೆದು ಹಗ್ಗ ಬಿಗಿದರೆ ಐದೂವರೆಗೆ ಬಂಡಿಪಾಳ್ಯ. ಬರುವಾಗ ಫೀಡ್ ಮೂಟೆಯೋ ಗೊಬ್ಬರವೋ ಸಿಕ್ಕರೆ ಡೀಸೆಲ್ ದುಡ್ಡು ಹುಟ್ಟುತ್ತದೆ. ಲೋಡ್ ಇದ್ದಾಗ ಲೀಟರ್‌ಗೆ 12, ಖಾಲಿ ಇದ್ದರೆ 14.

ಈಗ ಊರಲ್ಲಿ ಯಾರು ಹಳೇ ಪಿಕಪ್ ನೋಡಲು ಹೊರಟರೂ ನನ್ನನ್ನು ಕರೆಯುತ್ತಾರೆ. ಒಂದು ಲಕ್ಷ ಕೊಟ್ಟು ಓದಿದ ವಿದ್ಯೆ ಅಂತ ತಮಾಷೆ ಬೇರೆ. ಹಳೇ ಪ್ಯಾಂಟ್ ಹಾಕಿಕೊಂಡು ಹೋಗುತ್ತೇನೆ. ಹೋಗುವ ವಿಷಯ ಮೊದಲೇ ಹೇಳಿದ್ದರೂ ಹೇಳಿದ ಹೊತ್ತಿಗಿಂತ ಮುಂಚೆ ಹೋಗುತ್ತೇನೆ, ಬಾನೆಟ್ ಮುಟ್ಟಿ ನೋಡುತ್ತೇನೆ. ಬಿಸಿ ಇದ್ದರೆ ಅವರು ಆಗಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ. ತಣ್ಣಗಿರುವಾಗ ಸ್ಟಾರ್ಟ್ ಆಗುವ ರೀತಿ ಮತ್ತು ಆಗ ಬರುವ ಹೊಗೆ ಮುಖ್ಯ. ನೀಲಿ ಹೊಗೆ ಬಿಡುತ್ತಲೇ ಇದ್ದರೆ ಆಯಿಲ್ ಸುಡುತ್ತಿದೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ತೂತಿನ ಮೇಲೆ ತಲೆಕೆಳಗಾಗಿ ಸುಮ್ನೆ ಇಡಿ. ಸ್ವಲ್ಪ ನಡುಗಿದರೆ ಪರವಾಗಿಲ್ಲ. ಹಾರಿಬಿದ್ದು ಒಳಗಿನಿಂದ ಹೊಗೆ ಉಗಿದರೆ ಪಿಸ್ಟನ್ ರಿಂಗ್ ಸವೆದಿದೆ, ಕೈಮುಗಿದು ಎದ್ದು ಬನ್ನಿ.

ಕ್ಲಚ್‌ಗೆ ಹ್ಯಾಂಡ್ ಬ್ರೇಕ್ ಎಳೆದು, ನಾಲ್ಕನೇ ಗೇರ್ ಹಾಕಿ, ಪೆಡಲ್ ನಿಧಾನ ಬಿಡುತ್ತೇನೆ. ಎಂಜಿನ್ ಕೆಮ್ಮಿ ಆಫ್ ಆಗಬೇಕು. ಆರಾಮಾಗಿ ಓಡುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಮೀಟರ್ ಅಂತೂ ನೋಡುವುದೇ ಇಲ್ಲ, ಪೆಡಲ್ ನೋಡುತ್ತೇನೆ. ಎಂಬತ್ತು ಸಾವಿರ ಓಡಿದ ಗಾಡಿಗೆ ಹೊಚ್ಚ ಹೊಸ ಪೆಡಲ್ ರಬ್ಬರ್ ಯಾಕೆ? ನನ್ನದಕ್ಕೂ ಹಾಕಿದ್ದರು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲ ಎರಡು ಅಂಕಿ ಟೈರ್ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. ಅದನ್ನೂ ಓದಿ. ಆಮೇಲೆ ಒಬ್ಬರನ್ನು ಓಡಿಸಲು ಬಿಟ್ಟು ನೀವು ಹಿಂದೆ ಬೈಕಿನಲ್ಲಿ ಬನ್ನಿ. ನೇರ ರಸ್ತೆಯಲ್ಲಿ ಗಾಡಿ ನಾಯಿ ಓಡಿದ ಹಾಗೆ ಸೊಟ್ಟಗೆ, ಹಿಂದಿನ ಚಕ್ರ ಒಂದು ಪಕ್ಕಕ್ಕೆ ಸರಿದು ಓಡುತ್ತಿದ್ದರೆ ಚಾಸಿಯೋ ಆಕ್ಸೆಲ್ಲೋ ಅಲುಗಿದೆ.

ಹೋದ ತಿಂಗಳು ನಮ್ಮ ಭಾವಮೈದನಿಗೆ ಅಂತ ಮದ್ದೂರಿನಲ್ಲಿ ಒಂದು ನೋಡಿದೆವು. ಎಳನೀರು ಹೊಡೆದ ಗಾಡಿ. ತೊಟ್ಟಿ ತುಂಬ ಕಂದು ಕಲೆ, ಬಣ್ಣ ಕಿತ್ತಿದೆ, ನೋಡಲು ದರಿದ್ರ. ಸ್ಪ್ರಿಂಗ್ ಪ್ಲೇಟುಗಳು ಮಾತ್ರ ಬಿಲ್ಲಿನ ಹಾಗೆ ಬಾಗಿದ್ದವು, ಚಾಸಿಯಲ್ಲಿ ಹಳೇ ಧೂಳು ಹಾಗೇ ಇತ್ತು. ತಗೋ ಅಂದೆ. ಅವನು ಬಣ್ಣ ನೋಡಿ ಮುಖ ಹುಳ್ಳಗೆ ಮಾಡಿದ.

ನನ್ನ ಗಾಡಿಗೆ 4 ಲಕ್ಷ 65 ಸಾವಿರ ಜಾಸ್ತಿಯಾಯಿತು. ಮೂರೂವರೆ ಲಕ್ಷಕ್ಕೆ ಕೊಟ್ಟಿದ್ದರೆ ನ್ಯಾಯವಾಗಿತ್ತು, ರಿಪೇರಿ ಸೇರಿದರೂ ಹೊಂದಿಕೊಳ್ಳುತ್ತಿತ್ತು. ಗಾಡಿಗೆ ನಾಲ್ಕು ಸ್ಟಾರ್, ವ್ಯಾಪಾರಕ್ಕೆ ಒಂದು. ಈಗ ಯಾರೋ ಎಕ್ಸ್‌ಚೇಂಜ್‌ಗೆ ಕೇಳಿದರು, ಕೊಡಲಿಲ್ಲ.

ಗಾಡಿಗೆ ಎಂಟು ವರ್ಷ ದಾಟಿತಲ್ಲ, ಇನ್ನು ಎರಡು ವರ್ಷಕ್ಕೊಮ್ಮೆ ಅಲ್ಲ, ವರ್ಷವರ್ಷವೂ ಎಫ್‌ಸಿ. ಬರುವ ತಿಂಗಳು ಹೋಗಬೇಕು. ಹಿಂದಿನ ಕೆಂಪು ರಿಫ್ಲೆಕ್ಟರ್ ಟೇಪ್ ಕಿತ್ತಿದೆ, ಅಂಟಿಸಬೇಕು. ಎಡಗಡೆ ಇಂಡಿಕೇಟರ್ ಬಲ್ಬ್ ಹಾಕಬೇಕು. ನಿನ್ನೆ ಅದಕ್ಕೇ ಅಂತ ಟೇಲ್ ಲೈಟ್ ಡಬ್ಬಿ ಬಿಚ್ಚಿದೆ. ಒಳಗಿನಿಂದ ಒಂದು ಚಮಚದಷ್ಟು ಬಿಳಿ ಪುಡಿ ಉದುರಿತು.